ವೈಬ್ರೇಟರ್ ಪರೀಕ್ಷೆಯ ಒಂಬತ್ತನೇ ಹಾಳೆ

ಹತ್ತೊಂಬತ್ತು ವರ್ಷದಿಂದ ನಾನು ನಡುಗುವ ವಸ್ತುಗಳನ್ನು ಅಳೆಯುತ್ತಿದ್ದೇನೆ. ಮಿಕ್ಸರ್, ಡ್ರಿಲ್ಲು, ಬಟ್ಟೆ ಒಗೆಯುವ ಯಂತ್ರ, ಏನು ಬೇಕಾದರೂ ಕೊಡಿ. ಗ್ರಾಹಕರಿಗಾಗಿ ತಿಂಗಳಿಗೊಮ್ಮೆ ಬರುವ ಪತ್ರಿಕೆಯೊಂದರ ಪರೀಕ್ಷಾ ಕೊಠಡಿ ನಮ್ಮದು. ಒಂದೇ ಬಗೆಯ ಐದು ಸಾಮಾನು ಅಂಗಡಿಯಿಂದ ಕೊಂಡು ತಂದು, ಯಾವುದು ಎಷ್ಟು ಸದ್ದು ಮಾಡುತ್ತದೆ, ಎಷ್ಟು ಬಿಸಿಯಾಗುತ್ತದೆ, ಎಷ್ಟು ದಿನ ಬಾಳುತ್ತದೆ ಎಂದು ಅಳೆದು ಬರೆಯುತ್ತೇವೆ. ಯಾವ ಯಂತ್ರವೂ ನನ್ನನ್ನು ಬೆಚ್ಚಿಬೀಳಿಸಿದ್ದಿಲ್ಲ.

ನಮ್ಮ ಮುಖ್ಯಸ್ಥೆಗೆ ನಾವಿಟ್ಟ ಹೆಸರು ಸ್ಕೇಲು. ನಡಿಗೆಯೂ ನೆಟ್ಟಗೆ, ಮಾತೂ ನೆಟ್ಟಗೆ. ಒಂದು ಬೆಳಿಗ್ಗೆ ಅವರು ರಟ್ಟಿನ ಡಬ್ಬವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದೆ, ನೋಡಿದೆ, ಪಟ್ಟನೆ ಮುಚ್ಚಿದೆ. ಒಳಗೆ ಐದು ವೈಬ್ರೇಟರ್‌ಗಳಿದ್ದವು.

"ಮೇಡಂ, ಇವು..."

"ಹೆಂಗಸರ ಸುಖಕ್ಕೆ ಅಂತ ಮಾಡಿರೋ ಸಾಮಾನು. ಎಷ್ಟೋ ಜನ ಕೊಂಡ್ಕೋತಾರೆ. ಆದ್ರೆ ಯಾವುದು ಒಳ್ಳೇದು ಅಂತ ಅಂಗಡಿಯವನ್ನ ಕೇಳೋಕೆ ಯಾರಿಗೂ ಬಾಯಿ ಬರಲ್ಲ. ನಾವು ಹೇಳಬೇಕಲ್ವಾ?"

ನನಗೂ ಬಾಯಿ ಬರಲಿಲ್ಲ. ಒಳಉಡುಪನ್ನು ಟವೆಲ್ಲಿನ ಕೆಳಗೆ ಬಚ್ಚಿಟ್ಟು ಒಣಗಿಸುವವಳು ನಾನು. ನಲವತ್ತಾರು ವರ್ಷವಾಯಿತು, ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ಆದರೂ ವೈದ್ಯರ ಮುಂದೆ ಸೊಂಟದ ಕೆಳಗಿನ ಮಾತು ಬಂದರೆ 'ಅಲ್ಲಿ' ಅನ್ನುವುದಕ್ಕಿಂತ ಮುಂದಕ್ಕೆ ಹೋಗುವುದಿಲ್ಲ.

ಆದರೂ ಕೆಲಸ ಕೆಲಸವೇ. ಐದಕ್ಕೂ ಅ, ಆ, ಇ, ಈ, ಉ ಎಂದು ಚೀಟಿ ಅಂಟಿಸಿದೆ. 'ಅ' ಉದ್ದನೆಯ ಹಿಡಿ, ದಪ್ಪ ಗುಂಡು ತಲೆಯದು. ವೈರಿನಿಂದ ನಡೆಯುತ್ತಿತ್ತು. ತೂಕ ಜಾಸ್ತಿ, ಕಂಪನ ನಿಧಾನ ಮತ್ತು ಆಳ. 'ಆ' ಲಿಪ್‌ಸ್ಟಿಕ್ಕಿನಷ್ಟು ಚಿಕ್ಕದು, ಅದರ ಕಂಪನ ತೆಳು ಮತ್ತು ಬಲು ವೇಗ. 'ಇ' ಒಳಗೆ ಹಾಕಿಕೊಳ್ಳುವಂಥದ್ದು, ತುದಿ ಸ್ವಲ್ಪ ಬಾಗಿತ್ತು. 'ಈ'ಗೆ ಎರಡು ಕೊಂಬು, ಒಂದು ಒಳಕ್ಕೆ, ಒಂದು ಹೊರಕ್ಕೆ. 'ಉ' ಅಸಲಿಗೆ ನಡುಗುತ್ತಲೇ ಇರಲಿಲ್ಲ, ಪುಟ್ಟ ಬಾಯಿಯಿಂದ ಗಾಳಿಯನ್ನು ಒತ್ತಿ ಎಳೆದು ಕೆಲಸ ಮಾಡುತ್ತಿತ್ತು. ನನ್ನ ಮೀಟರು ಅದರ ಮುಂದೆ ಕೈಚೆಲ್ಲಿತು. ಕೊನೆಗೆ ಒಂದು ಬಲೂನು ಕತ್ತರಿಸಿ, ಬಿಗಿಯಾಗಿ ಎಳೆದು ಕಟ್ಟಿ, ಅದರ ಮೇಲೆ ಅಳೆದೆ. ಅಳೆಯುವಾಗ ಕೊಠಡಿಯ ಬಾಗಿಲಿಗೆ ಚಿಲಕ ಹಾಕಿಕೊಂಡಿದ್ದೆ.

ಮೀಟರಿಗೆ ಸದ್ದು ಗೊತ್ತಾಗುತ್ತದೆ, ಸುಖ ಗೊತ್ತಾಗುವುದಿಲ್ಲ. ಅದಕ್ಕೆ ಬಳಸಿ ನೋಡುವವರು ಬೇಕು. ಒಪ್ಪಿದ ಹೆಂಗಸರಿಗೆ ಐದೂ ಬಗೆಯ ಹೊಸ ಸಾಮಾನನ್ನೂ ಒಂದು ಟ್ಯೂಬ್ ಜೆಲ್ಲನ್ನೂ ಅಂಚೆಯಲ್ಲಿ ಕಳಿಸುತ್ತೇವೆ. ಆರು ವಾರದ ನಂತರ ಅವರು ಕೈಬರಹದಲ್ಲಿ ಹಾಳೆ ತುಂಬಿ ಕಳಿಸುತ್ತಾರೆ. ಹಾಳೆಯ ಮೇಲೆ ನಂಬರು ಮಾತ್ರ, ಹೆಸರು ವಿಳಾಸ ಎಲ್ಲ ಅಂಚೆ ವಿಭಾಗದ ಕಪಾಟಿನಲ್ಲಿ. ಅವನ್ನು ಓದಿ ಟೈಪ್ ಮಾಡುವುದು ನಾನು. ಒಂದೇ ಒಂದು ಕಟ್ಟುನಿಟ್ಟು: ನಮ್ಮಲ್ಲಿ ಕೆಲಸ ಮಾಡುವವರ ಮನೆಯವರು ಇದರಲ್ಲಿ ಇರಬಾರದು. ಇದ್ದರೆ ಅವರ ಹಾಳೆ ರದ್ದು.

ಅರವತ್ತು ದಾಟಿದವರನ್ನು ಹುಡುಕುವ ಜವಾಬ್ದಾರಿ ನನ್ನ ತಲೆಗೆ ಬಂತು. ನಲವತ್ತು ನೋಟಿಸು ಕೊಟ್ಟು, ಗ್ರಂಥಾಲಯ, ಆಸ್ಪತ್ರೆ, ಈಜುಕೊಳ, ಹೆಂಗಸರು ಸೇರುವ ಕಡೆಯಲ್ಲೆಲ್ಲ ಅಂಟಿಸಿ ಬಾ ಎಂದರು. ಗ್ರಂಥಾಲಯದ ಫಲಕದ ಮುಂದೆ ಪಿನ್ನು ಹಿಡಿದು ನಿಂತೆ. ಹಿಂದೆ ಯಾರೋ ಕೆಮ್ಮಿದರು. ಬಸ್ಸಿನ ವೇಳಾಪಟ್ಟಿ ಓದುವವಳ ಹಾಗೆ ನಟಿಸಿ ಅಲ್ಲಿಂದ ಕಾಲು ಕಿತ್ತೆ. ನಲವತ್ತಕ್ಕೆ ನಲವತ್ತೂ ಚೀಲದಲ್ಲೇ ಉಳಿದವು.

ಅಮ್ಮ ದರ್ಜಿ. ಅರವತ್ತೊಂಬತ್ತು ವರ್ಷ, ಈಗಲೂ ದಿನಕ್ಕೆ ಎರಡು ರವಿಕೆ ಹೊಲಿಯುತ್ತಾಳೆ. ಆಫೀಸಿನ ರದ್ದಿ ಕಾಗದವನ್ನು ನಾನು ಅವಳ ಅಂಗಡಿಗೆ ಕೊಂಡೊಯ್ದು ಕೊಡುವುದು ವಾಡಿಕೆ, ಅವಳು ಅದರ ಮೇಲೆ ಅಳತೆ ಬರೆದು ಕತ್ತರಿಸಿಕೊಳ್ಳುತ್ತಾಳೆ. ನೋಟಿಸನ್ನೆಲ್ಲ ರದ್ದಿಯ ನಡುವೆ ಸೇರಿಸಿ, ಕತ್ತರಿಸುವ ಮೇಜಿನ ಮೇಲಿಟ್ಟು ಬಂದೆ. ಮರುದಿನ ಸ್ಕೇಲು ಕೇಳಿದಾಗ, ಅಂಟಿಸಿದೆ ಮೇಡಂ ಎಂದು ಸಲೀಸಾಗಿ ಸುಳ್ಳು ಹೇಳಿದೆ.

ಹದಿನೈದು ದಿನದಲ್ಲಿ ಅರವತ್ತು ದಾಟಿದ ಹನ್ನೊಂದು ಹೆಂಗಸರು ಹೆಸರು ಕೊಟ್ಟರು. ಸ್ಕೇಲು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನನಗೆ ತಲೆಬುಡ ತಿಳಿಯಲಿಲ್ಲ. ಅಂಟಿಸದ ನೋಟಿಸನ್ನು ಓದಿದವರು ಯಾರು?

ಆರು ವಾರದ ಮೇಲೆ ಹಾಳೆಗಳು ಬಂದವು. ಬಾಗಿಲು ಹಾಕಿಕೊಂಡು ಓದಲು ಕೂತೆ. ಎರಡನೇ ನಂಬರಿನವರು 'ಆ' ಬಗ್ಗೆ ಬರೆದಿದ್ದರು: "ಜೇನುನೊಣ ಕೂತ ಹಾಗೆ. ಮೊದಲು ಚೆನ್ನಾಗಿರುತ್ತೆ, ಆಮೇಲೆ ಜಾಗ ಜೋಮು ಹಿಡಿಯುತ್ತೆ." ಐದನೆಯವರಿಗೆ 'ಈ' ಮೇಲೆ ಸಿಟ್ಟು: "ಇದನ್ನು ಮಾಡಿದವನು ಎಲ್ಲ ಹೆಂಗಸರದೂ ಒಂದೇ ಅಳತೆ ಅಂತ ತಿಳಿದಿದ್ದಾನೆ. ಒಂದು ಕೊಂಬು ಸರಿಯಾಗಿ ಕೂತರೆ ಇನ್ನೊಂದು ಎಲ್ಲೋ ಇರುತ್ತೆ." ಪ್ರತಿ ಸಾಲಿಗೂ ನನ್ನ ಕಿವಿ ಬಿಸಿಯಾಗುತ್ತಿತ್ತು. ಆದರೂ ಬಿಡದೆ ಟೈಪ್ ಮಾಡಿದೆ.

ಒಂಬತ್ತನೇ ಹಾಳೆ ತೆಗೆದೆ. ದುಂಡಗಿನ ಅಕ್ಷರ, ಮೂಲೆಯಲ್ಲಿ ನೀಲಿ ಬಣ್ಣದ ಹೆಬ್ಬೆರಳ ಗುರುತಿತ್ತು. ಶಾಯಿಯಿರಬೇಕು ಎಂದುಕೊಂಡು ಓದಿದೆ.

"ಅ: ಎಲ್ಲಕ್ಕಿಂತ ಇದೇ ಒಳ್ಳೆಯದು. ಕಂಪನ ಮೇಲೆಮೇಲೆ ಅಲ್ಲ, ಒಳಗಿನ ತನಕ ಹೋಗುತ್ತೆ. ಭಾರಕ್ಕೆ ಮಣಿಕಟ್ಟು ನೋಯುತ್ತೆ, ದಿಂಬಿಗೆ ಆನಿಸಿಕೊಂಡರೆ ಸರಿಹೋಗುತ್ತೆ. ತೆಳು ಬಟ್ಟೆಯ ಮೇಲಿಂದ ಇನ್ನೂ ಹಿತ. ಹಿಡಿ ಅರ್ಧ ಇಂಚು ಸಣ್ಣದಿರಬೇಕಿತ್ತು.

ಉ: ಬೇಗ ಆಗಿಬಿಡುತ್ತೆ. ನನಗೆ ಅಷ್ಟು ಅವಸರ ಇಲ್ಲ."

ನಗು ಬಂತು. ಮುಂದಿನ ಸಾಲಿಗೆ ಹೋದೆ.

"ಇ: ಈ ವಯಸ್ಸಿಗೆ ಒಳಗೆ ಒಣಗಿರುತ್ತೆ, ಜೆಲ್ ಇಲ್ಲದೆ ಆಗುವ ಮಾತಲ್ಲ. ಜೆಲ್ ಹಾಕಿದರೂ ಒಂದು ಕಡೆ ಉರಿಯುತ್ತೆ. ಎರಡು ಪಕ್ಕ ಸೇರಿಸಿದ ಕಡೆ ಸೀಮು ಎದ್ದಿದೆ, ಉಗುರಲ್ಲಿ ಸವರಿದರೆ ಗೊತ್ತಾಗುತ್ತೆ. ಒಳಗಿನ ಹೊಲಿಗೆ ಯಾರು ನೋಡುತ್ತಾರೆ ಅಂತ ಬಿಟ್ಟಿದ್ದಾರೆ. ಮೈಗೆ ತಾಗುವುದು ಒಳಗಿನ ಹೊಲಿಗೆಯೇ."

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಬೇರೆಯವರು ಹೊಲಿದ ರವಿಕೆಯನ್ನು ತಿರುವಿ ಹಾಕಿ, ಉಗುರಲ್ಲಿ ಸವರಿ, ಮೂಗು ಮುರಿಯುವಾಗ ಇದೇ ಮಾತು. ಮೂಲೆಯ ಗುರುತನ್ನು ಮುಟ್ಟಿ ನೋಡಿದೆ. ಶಾಯಿಯಲ್ಲ, ಬಟ್ಟೆಗೆ ಗೆರೆ ಎಳೆಯುವ ಚಾಕ್.

ಹಾಳೆಯನ್ನು ಬೋರಲು ಹಾಕಿದೆ, ಮತ್ತೆ ತಿರುಗಿಸಿದೆ. ಕೊನೆಯಲ್ಲಿ 'ಬೇರೆ ಏನಾದರೂ ಹೇಳುವುದಿದೆಯೇ' ಎಂಬ ಜಾಗ ಇತ್ತು. ಅದರ ಕೆಳಗೆ ಅದೇ ದುಂಡಗಿನ ಅಕ್ಷರ, ಅಳತೆಯ ಅಂಕಿ ಬಿಟ್ಟು ಅಮ್ಮ ಬರೆದದ್ದನ್ನು ನಾನು ನೋಡಿಯೇ ಇರಲಿಲ್ಲ:

"ಗಂಡ ತೀರಿಕೊಳ್ಳುವ ತನಕ ನಲವತ್ತೆರಡು ವರ್ಷ ಸಂಸಾರ ಮಾಡಿದೆ. ಒಳ್ಳೆಯವರು, ಒಂದು ದಿನವೂ ಕೈ ಎತ್ತಿದವರಲ್ಲ. ಆದರೆ ಈ ಸುಖ ನನಗೆ ಮೊದಲನೇ ಸಲ ಆಗಿದ್ದು ಈ ಆರು ವಾರದಲ್ಲಿ. ಇಷ್ಟು ದಿನ ನನ್ನ ಮೈಯಲ್ಲೇ ಇತ್ತು. ಯಾರೂ ಹೇಳಲಿಲ್ಲ. ಸಿಟ್ಟಿಗೆ ಎರಡು ದಿನ ಅಂಗಡಿ ತೆಗೆಯಲಿಲ್ಲ."

ಆ ಎರಡು ದಿನ ನನಗೆ ನೆನಪಿದೆ. ಫೋನ್ ಎತ್ತಿರಲಿಲ್ಲ. ಜ್ವರವಿರಬೇಕು ಎಂದುಕೊಂಡು ಮಾತ್ರೆ ತೆಗೆದುಕೊಂಡು ಹೋಗಿದ್ದೆ. ಅವಳು ಬಾಗಿಲು ಅರ್ಧ ತೆರೆದು, "ಏನಿಲ್ಲ, ಹೋಗು" ಅಂದಿದ್ದಳು. ಕಣ್ಣು ಊದಿಕೊಂಡಿದ್ದವು. ನಾನು ಮಾತ್ರೆ ಕೊಟ್ಟು ಬಂದಿದ್ದೆ.

ಆ ಹಾಳೆಯನ್ನು ಏನು ಮಾಡುವುದು? ಸುಮ್ಮನೆ ಟೈಪ್ ಮಾಡಿದರೆ ಇಡೀ ಪರೀಕ್ಷೆಯೇ ಸುಳ್ಳಾಗುತ್ತದೆ. ಹೇಳಿದರೆ ಅಮ್ಮನ ಮಾತು ರದ್ದಾಗುತ್ತದೆ, ಜೊತೆಗೆ ಅದು ಅಮ್ಮನ ಮಾತೆಂದು ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಜೀವಮಾನದಲ್ಲಿ ಒಂದು ಸಲ ಬಾಯಿಬಿಟ್ಟು ಬರೆದಿದ್ದಾಳೆ, ಅದನ್ನು ಕಸದಬುಟ್ಟಿಗೆ ಹಾಕುವವಳು ನಾನೇ ಆಗಬೇಕಿತ್ತೇ? ಕೊನೆಗೆ ಎದ್ದು ಸ್ಕೇಲಿನ ಕೋಣೆಗೆ ಹೋದೆ.

"ಮೇಡಂ, ಒಂಬತ್ತನೇ ಹಾಳೆ ನಮ್ಮಮ್ಮಂದು. ಮತ್ತೆ, ನಾನು ನೋಟಿಸು ಎಲ್ಲೂ ಅಂಟಿಸಿಲ್ಲ. ಸುಳ್ಳು ಹೇಳಿದ್ದೆ."

ಅವರು ಹಾಳೆಯನ್ನು ಓದಿದರು. ಕೊನೆಯ ಸಾಲುಗಳಿಗೆ ಬಂದಾಗ ಕನ್ನಡಕ ತೆಗೆದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

"ನೋಟಿಸಿನ ವಿಷಯ ಆಮೇಲೆ ಮಾತಾಡ್ತೀನಿ, ಅದನ್ನ ಬಿಡಲ್ಲ. ಈ ಹಾಳೆ ಸೇರಿಸೋಕಾಗಲ್ಲ. ನಿಯಮ ನಿಯಮಾನೇ."

"ಗೊತ್ತು ಮೇಡಂ."

"ಸೀಮಿನ ಮಾತು ಮಾತ್ರ ನಾವೇ ನೋಡಬಹುದಲ್ಲ? ನೀನು ಅದನ್ನ ಅಳೆದಿದ್ಯಾ?"

ಅಳೆದಿರಲಿಲ್ಲ. ಸದ್ದು, ಬಿಸಿ, ವೇಗ ಎಲ್ಲ ಅಳೆದಿದ್ದೆ. ಕೈಯಲ್ಲಿ ಹಿಡಿದು ಸವರಿ ನೋಡಲು ನಾಚಿಕೆಯಾಗಿ, ಐದನ್ನೂ ಇಕ್ಕಳದಲ್ಲೇ ಎತ್ತಿದ್ದೆ. ಈಗ ಇಬ್ಬರೂ ಕೊಠಡಿಗೆ ಹೋದೆವು. 'ಇ'ಯನ್ನು ಬರಿಗೈಯಲ್ಲಿ ಹಿಡಿದು ಉಗುರಲ್ಲಿ ಸವರಿದೆ. ಉದ್ದಕ್ಕೂ ಎದ್ದ ಗೆರೆಯೊಂದು ಸಿಕ್ಕಿತು. ಅಂಗಡಿಯಿಂದ ಇನ್ನೂ ನಾಲ್ಕು ತರಿಸಿ ನೋಡಿದೆವು, ನಾಲ್ಕರಲ್ಲೂ ಇತ್ತು. ಎಷ್ಟು ಮಿಲಿಮೀಟರ್ ಎಂದು ನಾನೇ ಅಳೆದು, ಸೂಕ್ಷ್ಮ ಚರ್ಮಕ್ಕೆ ಗಾಯವಾದೀತು ಎಂದು ವರದಿಯಲ್ಲಿ ಬರೆದೆ. ಉಳಿದ ಸಾಲುಗಳನ್ನು ಅಳೆಯಲು ನಮ್ಮಲ್ಲಿ ಏನೂ ಇರಲಿಲ್ಲ. ರದ್ದಾದ ಹಾಳೆಯನ್ನು ಸ್ಕೇಲು ನನ್ನ ಕೈಗೇ ಕೊಟ್ಟರು.

ಸಂಜೆ ಅಂಗಡಿಗೆ ಹೋದೆ. ಅಮ್ಮ ರವಿಕೆಯೊಂದಕ್ಕೆ ಗುಂಡಿಯ ಕಾಜಾ ಹಾಕುತ್ತಿದ್ದಳು. ಹಾಳೆಯನ್ನು ಮೇಜಿನ ಮೇಲಿಟ್ಟೆ.

ಅಮ್ಮ ನೋಡಿದಳು. ಸೂಜಿ ಒಂದು ಕ್ಷಣ ನಿಂತಿತು, ಮತ್ತೆ ನಡೆಯಿತು.

"ನಂಬರು ಮಾತ್ರ ಇರುತ್ತೆ, ಯಾರಿಗೂ ಗೊತ್ತಾಗಲ್ಲ ಅಂತ ಬರೆದಿತ್ತಲ್ಲೇ."

"ನಮ್ಮ ಮೇಡಂ ಒಬ್ಬರನ್ನ ಬಿಟ್ರೆ ಯಾರಿಗೂ ಗೊತ್ತಾಗಲ್ಲ. ನನಗೆ ಗೊತ್ತಾಗದೇ ಇರುತ್ತಾ? ಅಮ್ಮಾ, ನಿನಗೆ ನೋಟಿಸು ಎಲ್ಲಿ ಸಿಕ್ತು?"

"ಎಲ್ಲಿ ಅಂದ್ರೆ? ನೀನೇ ತಂದು ಕೊಟ್ಯಲ್ಲ." ಈಗ ಅವಳಿಗೆ ಆಶ್ಚರ್ಯವಾಯಿತು. "ಹತ್ತೊಂಬತ್ತು ವರ್ಷದಿಂದ ರದ್ದಿ ತಂದು ಕೊಡ್ತೀಯ, ಎಲ್ಲ ಒಂದು ಕಡೆ ಅಚ್ಚಾಗಿ ಸುಕ್ಕಾಗಿರೋದು. ಈ ಸಲ ನಲವತ್ತು ಹಾಳೆ ಹೊಸಾದು, ಒಂದು ಮಡಿಕೆ ಇಲ್ಲ. ಪಾಪ, ಇವಳಿಗೆ ಬಾಯಿಬಿಟ್ಟು ಹೇಳೋಕೆ ನಾಚಿಕೆ, ಹೀಗೆ ಇಟ್ಟು ಹೋಗಿದ್ದಾಳೆ ಅಂದ್ಕೊಂಡೆ. ನನಗೆ ಒಂದು ಸಾಕಲ್ಲ? ಉಳಿದಿದ್ರಲ್ಲಿ ರವಿಕೆ ಸುತ್ತಿ ಸುತ್ತಿ ಕೊಟ್ಟೆ, ವಯಸ್ಸಾದೋರಿಗೆ ಮಾತ್ರ. ಎಷ್ಟು ಜನ ಕಳಿಸಿದ್ರು?"

"ಹನ್ನೊಂದು ಜನ," ಅಂದೆ.

"ನಿವೃತ್ತಿಯಾದ ಆ ಟೀಚರೂ ಕಳಿಸಿರಬೇಕು. ಎರಡು ಕೊಂಬಿಂದನ್ನ ಬೈತಾ ಇದ್ಲು."

ನಾನು ಸ್ಟೂಲಿನ ಮೇಲೆ ಕೂತೆ. ಐದನೇ ನಂಬರು ಯಾರೆಂದು ಇನ್ನು ಮರೆಯುವ ಹಾಗಿಲ್ಲ, ಅವರು ನನಗೆ ಮಗ್ಗಿ ಕಲಿಸಿದವರು. ಆಮೇಲೆ ಹಾಳೆ ರದ್ದಾದದ್ದನ್ನೂ, ಸೀಮು ಮಾತ್ರ ವರದಿಗೆ ಸೇರಿದ್ದನ್ನೂ ಹೇಳಿದೆ. ಕೊನೆಯ ಮಾತು ಸೇರಲಿಲ್ಲ, ಕ್ಷಮಿಸು ಅಂದೆ.

"ಹೋದ್ರೆ ಹೋಗಲಿ ಬಿಡು. ಸೀಮು ಸೇರ್ತಲ್ಲ, ಇನ್ನೊಬ್ಬಳಿಗೆ ಉರಿಯಲ್ಲ." ಅಮ್ಮ ದಾರ ಕಚ್ಚಿ ತುಂಡರಿಸಿದಳು. "ಅದು ಅವರಿಗೋಸ್ಕರ ಬರೆದಿದ್ದೂ ಅಲ್ಲ."

"ಮತ್ತೆ?"

ಅವಳು ರವಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು, ಚಿಕ್ಕವಳಿದ್ದಾಗ ಲಂಗದ ಅಳತೆ ತೆಗೆಯುವ ಮುಂಚೆ ನೋಡುತ್ತಿದ್ದ ಹಾಗೆ.

"ಯಾರ ಮಾತು ಅಂತ ತಿಳೀದಿದ್ರೂ ನೀನು ಓದ್ತೀಯಲ್ಲ ಅಂತ ಬರೆದೆ. ನಿನ್ನ ಮದುವೆ ಹಿಂದಿನ ದಿನ ನಿನ್ನ ಪಕ್ಕ ಕೂತಿದ್ದೆ. ಏನಾದ್ರೂ ಹೇಳಬೇಕು ಅನ್ನಿಸ್ತು. 'ಮೊದಮೊದಲು ನೋಯುತ್ತೆ, ಆಮೇಲೆ ಅಭ್ಯಾಸ ಆಗುತ್ತೆ' ಅಂದೆ. ನೆನಪಿದ್ಯಾ? ನನಗೆ ಗೊತ್ತಿದ್ದಿದ್ದೇ ಅಷ್ಟು. ಆ ಎರಡು ದಿನ ಅಂಗಡಿ ಬಾಗಿಲು ಹಾಕ್ಕೊಂಡು ಅದೇ ಮಾತು ನೆನೆಸ್ಕೊಂಡು ಅತ್ತೆ." ಅವಳ ಧ್ವನಿ ತಗ್ಗಿತು. "ನಿನಗೆ ಗೊತ್ತಿದ್ಯಾ, ಮಗಳೇ? ಇದು?"

ನನ್ನ ತಲೆಯಲ್ಲಿ ಐದು ಸಾಮಾನಿನ ಅಷ್ಟೂ ಅಂಕಿ ಇತ್ತು. ಯಾವುದರ ಕಂಪನ ಎಷ್ಟು, ಯಾವುದರ ಸದ್ದು ಗೋಡೆಯಾಚೆ ಕೇಳುತ್ತದೆ, ಯಾವುದು ಎಷ್ಟು ನಿಮಿಷಕ್ಕೆ ಬಿಸಿಯಾಗುತ್ತದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಹೂಂ ಅನ್ನಲು ಬಾಯಿ ತೆರೆದೆ. ಮನೆಯಲ್ಲಿ ನನ್ನ ಗಂಡನಿಗೆ ಇಪ್ಪತ್ತೆರಡು ವರ್ಷದಿಂದ ಹೇಳಿಕೊಂಡು ಬಂದಿರುವ ಹೂಂ ಅದು.

"ಇಲ್ಲ ಅಮ್ಮ," ಅಂದೆ. "ಅಭ್ಯಾಸ ಆಯ್ತು ಅಷ್ಟೇ."

ಅಮ್ಮ ಎದ್ದು ಹೋಗಿ ಅಂಗಡಿಯ ಬಾಗಿಲು ಹಾಕಿದಳು, ಕೈಗೆ ಹತ್ತಿದ ಚಾಕನ್ನು ಸೀರೆಗೆ ಒರೆಸಿಕೊಂಡಳು, ತನ್ನ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದು ಕೂತಳು.