ಮೋಡ ಬಂತು, ತಾಳು

ಮುಚ್ಚಿಕೊಳ್ಳುತ್ತಿದ್ದ ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದು ಅವಳು ಒಳಗೆ ಬಂದಳು.

“ಮೇಲಕ್ಕೆ ಒತ್ತು,” ಎಂದಳು ಮಗಳಿಗೆ.

ಸಾವಿನ ಮನೆಗೆ ಬಂದವರಿಗೆಂದು ಐದನೇ ಮಹಡಿಯವರಿಂದ ತಂದಿದ್ದ ಕುರ್ಚಿಗಳನ್ನು ವಾಪಸ್ ಕೊಡಲು ಹೊರಟಿದ್ದಳು ಮಗಳು. “ಎಲ್ಲಿಗಮ್ಮಾ?”

“ಟೆರೇಸಿಗೆ.”

ಮಗಳು ಕುರ್ಚಿ ಕೆಳಗಿಟ್ಟಳು. ಎರಡನೇ ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದರೂ ತಲೆ ಗಿರ್ರೆನ್ನುವ ಹೆಂಗಸು ಅಮ್ಮ. ಇಡೀ ಸಂಸಾರವನ್ನು ಲಿಫ್ಟ್ ಮೆಕ್ಯಾನಿಕ್ ಜೊತೆ ಮಾಡಿದ್ದರೂ ಒಮ್ಮೆಯೂ ಲಿಫ್ಟ್ ಹತ್ತಿ ಮೇಲೆ ಹೋದವಳಲ್ಲ. ಆ ಗಂಡನನ್ನು ಮಧ್ಯಾಹ್ನ ಮಣ್ಣು ಮಾಡಿ ಬಂದಿದ್ದರು.

“ಇವತ್ತು ಚಂದ್ರಗ್ರಹಣ. ಹುಟ್ಟುವಾಗಲೇ ಹಿಡಿದಿರುತ್ತಂತೆ,” ಎಂದಳು ಅವಳು.

“ಇವತ್ತೇ ಬೇಕಾ? ಮನೆ ತುಂಬ ನೆಂಟರು. ಏನಂದ್ಕೋತಾರೆ?”

“ಅಂದ್ಕೊಳ್ಳಲಿ. ಇಷ್ಟು ದಿನ ಹೇಳೋರಿದ್ರು, ಕೇಳ್ತಿದ್ದೆ. ನಿಮ್ಮಪ್ಪ ಹೇಳಿದ್ದು ನಿಜವೋ ಬುರುಡೆಯೋ, ಒಂದು ಸಲ ನೋಡೇಬಿಡ್ತೀನಿ.”

*

ಅವಳ ಗಂಡನನ್ನು ಕಟ್ಟಡದವರೆಲ್ಲ ಲಿಫ್ಟಪ್ಪ ಎಂದೇ ಕರೆಯುತ್ತಿದ್ದರು. ಅವರ ಮನೆ ನೆಲಮಹಡಿಯ ಒಂದು ಕೋಣೆ. ಸುತ್ತಲೂ ಎತ್ತರದ ಕಟ್ಟಡಗಳು. ಚಂದ್ರ ಅವನ್ನೆಲ್ಲ ದಾಟಿ ಬೀದಿಗೆ ಮುಖ ತೋರಿಸುವಷ್ಟರಲ್ಲಿ ಸಂಜೆಯ ಗ್ರಹಣ ಬಿಟ್ಟುಹೋಗಿರುತ್ತಿತ್ತು. ಹೆಂಡತಿಗೋ ಗ್ರಹಣವೆಂದರೆ ಎಲ್ಲಿಲ್ಲದ ಕುತೂಹಲ, ಮೇಲೆ ಹತ್ತಲು ಪ್ರಾಣಭಯ. ಅದಕ್ಕೆ ಅವನೇ ಒಂದು ದಾರಿ ಹುಡುಕಿದ್ದ. ಲಿಫ್ಟನ್ನು ನೆಲಮಹಡಿಯಲ್ಲಿ ನಿಲ್ಲಿಸಿ, ‘ರಿಪೇರಿ’ ಎಂಬ ಬೋರ್ಡು ತಗುಲಿಸಿ, ಹೆಂಡತಿಯನ್ನು ಒಳಗೆ ಸ್ಟೂಲಿನ ಮೇಲೆ ಕೂರಿಸುತ್ತಿದ್ದ. ತಾನು ಟೆರೇಸಿನ ಮೇಲಿನ ಯಂತ್ರದ ಕೋಣೆಗೆ ಹೋಗುತ್ತಿದ್ದ. ರಿಪೇರಿ ಕೆಲಸಕ್ಕೆಂದು ಅಲ್ಲಿಂದ ಲಿಫ್ಟಿನೊಳಕ್ಕೆ ಒಂದು ಫೋನಿತ್ತು.

“ಬಂತು!” ಎನ್ನುತ್ತಿದ್ದ.

“ಹೇಗಿದೆ?”

“ತೊಳೆಯದ ತಾಮ್ರದ ಚೊಂಬಿನ ಹಾಗಿದೆ.”

“ಎಷ್ಟು ಬಿಟ್ಟಿದೆ?”

“ಒಂದು ಉಗುರಿನಷ್ಟು... ಅಯ್ಯೋ, ಮೋಡ ಬಂತು, ತಾಳು.”

ಆಮೇಲೆ ಬಹಳ ಹೊತ್ತು ಸದ್ದಿರುತ್ತಿರಲಿಲ್ಲ. ಮತ್ತೆ ಮಾತು ಬಂದಾಗ ಏದುಸಿರು. ಯಾಕೆ ತೇಕ್ತಿದ್ದೀರಿ ಎಂದರೆ, ಏಣಿ ಹತ್ತಿ ನೋಡಿ ಬಂದೆನಲ್ಲ ಎನ್ನುತ್ತಿದ್ದ.

ಮೆಟ್ಟಿಲು ಹತ್ತಿ ಹತ್ತಿ ಸುಸ್ತಾದ ಬಾಡಿಗೆದಾರರು ಕೊನೆಗೆ ತಮ್ಮದೇ ಒಂದು ತೀರ್ಮಾನಕ್ಕೆ ಬಂದಿದ್ದರು. ಇವತ್ತು ಮಣ್ಣು ಮಾಡುವ ಜಾಗದಲ್ಲೂ ನಾಲ್ಕನೇ ಮಹಡಿಯ ನಿವೃತ್ತ ಮೇಷ್ಟ್ರು ಯಾರಿಗೋ ಹೇಳುತ್ತಿದ್ದರು: “ಚಂದ್ರಗ್ರಹಣಕ್ಕೂ ಲಿಫ್ಟಿಗೂ ಏನೋ ಇದೆ ಕಣಪ್ಪಾ. ದೊಡ್ಡವರು ಯಾರಾದ್ರೂ ಕೂತು ನೋಡ್ಬೇಕು.”

*

ಟೆರೇಸಿನಲ್ಲಿ ಅವಳು ಮಗಳ ತೋಳು ಹಿಡಿದು ಕಣ್ಣು ಬಿಟ್ಟಳು. ಎದುರಿಗೆ ಗೋಡೆ. ಬರೀ ಗೋಡೆ, ಅದರ ಮೇಲೆ ಸಾಲಾಗಿ ನೀರಿನ ಪೈಪುಗಳು. ಪೂರ್ವದ ಆಕಾಶವನ್ನೆಲ್ಲ ಹಿಂದಿನ ಓಣಿಯಾಚೆಯ ಕಟ್ಟಡ ನುಂಗಿ ಕೂತಿತ್ತು.

“ಇದು ಯಾವಾಗ ಬಂತು?”

“ನಾನು ಹೈಸ್ಕೂಲಲ್ಲಿದ್ದಾಗಲೇ ಕಟ್ಟಿದ್ರಲ್ಲಮ್ಮ.”

ಅದರ ಗೇಟನ್ನು ದಿನಾ ನೋಡುತ್ತಿದ್ದಳು. ಅದು ಚಂದ್ರನಿಗೇ ಅಡ್ಡ ನಿಂತೀತೆಂದು ಕೆಳಗಿದ್ದವಳಿಗೆ ಹೊಳೆದಿರಲಿಲ್ಲ.

“ಹಾಗಾದ್ರೆ ಇಷ್ಟು ವರ್ಷ ಹೇಳಿದ್ದೆಲ್ಲ ಕಟ್ಟುಕತೆ! ಗ್ರಹಣದಂಥ ಗ್ರಹಣದಲ್ಲೇ ಸುಳ್ಳು ಹೇಳಿದವರು ಇನ್ನೂ ಯಾವ್ಯಾವುದರಲ್ಲಿ ಹೇಳಿದ್ರೋ.”

“ಹೋಗಲಿ ಬಿಡಮ್ಮ, ನಿನ್ನ ಖುಷಿಗೆ ಹೇಳಿರ್ತಾರೆ.”

“ನನಗೆ ಖುಷಿ ಬೇಕಿರಲಿಲ್ಲ, ಚಂದ್ರ ಬೇಕಿತ್ತು,” ಎಂದಳು. ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಮಣ್ಣು ಮಾಡಿದ ದಿನವೇ ಗಂಡನ ಮೇಲೆ ಅನುಮಾನ ಪಡಬೇಕಾಯಿತಲ್ಲ ಎಂಬುದು ಅವಳಿಗೆ ತಡೆಯಲಾಗದ ಸಂಕಟವಾಯಿತು.

ಕೆಳಗೆ ಬಂದಾಗ, ಬಾಗಿಲ ಬಳಿ ಟೀ ಕುಡಿಯುತ್ತಿದ್ದ ಹಿಂದಿನ ಕಟ್ಟಡದ ವಾಚ್‌ಮನ್ ಎದ್ದು ನಿಂತ.

“ಅಕ್ಕಾ, ನಾನೆಂಥ ಪೆದ್ದ ನೋಡಿ. ಬೆಳಿಗ್ಗೆನೇ ನಮ್ಮ ಟೆರೇಸಿನ ಬೀಗ ತೆಗೆದಿಟ್ಟುಬಿಟ್ಟಿದ್ದೀನಿ. ಇನ್ನೆಲ್ಲಿ ಬರ್ತಾರೆ ಅವರು.”

“ಯಾರು?”

“ಯಜಮಾನ್ರು. ಗ್ರಹಣ ಅಂದ್ರೆ ಬರ್ತಿದ್ರಲ್ಲ. ಹತ್ತೋರು, ನೋಡೋರು, ಇಳಿದು ಓಡೋರು. ಸ್ವಲ್ಪ ಹೊತ್ತಿಗೆ ಮತ್ತೆ ಹಾಜರ್. ನಮ್ಮ ಲಿಫ್ಟು ಬೇರೆ ಕಂಪನಿದು, ಅದಕ್ಕೆ ಕಾಲಿಡಲ್ಲ ಅಂತ ಹಠ ಬೇರೆ. ನಿಮ್ಮಲ್ಲೂ ಹಿಂಬದಿ ಮೆಟ್ಟಿಲೇ, ಲಿಫ್ಟಲ್ಲಿ ನೀವು ಕೂತಿರ್ತಿದ್ರಲ್ಲ.”

ಮಗಳು ಬೆರಗಾದಳು. “ಮೊಬೈಲ್ ಇತ್ತಲ್ಲ? ಅಲ್ಲಿಂದಲೇ ಹೇಳಬಹುದಿತ್ತು.”

“ನಾನೂ ಅಂದೆ. ಮೊಬೈಲಲ್ಲಿ ಮಾಡಿದ್ರೆ ಎಲ್ಲಿದ್ದೀರಿ ಅಂತ ಕೇಳ್ತಾಳೆ, ಮೊಣಕಾಲು ನೋವಿಟ್ಕೊಂಡು ಊರಿನ ಮೆಟ್ಟಿಲೆಲ್ಲ ಹತ್ತಬೇಡಿ ಅಂತ ಗದರ್ತಾಳೆ, ಅವಳ ಗ್ರಹಣ ಅಲ್ಲಿಗೆ ಮುಗೀತು ಅಂದ್ರು.”

ಅವಳು ವಾಚ್‌ಮನ್ ಕಡೆ ತಿರುಗಿದಳು.

“ಮತ್ತೆ, ಮೋಡ?”

“ಯಾವ ಮೋಡ ಅಕ್ಕಾ?”

ಅವಳು ಸೆರಗು ಬಿಗಿದುಕೊಂಡು ಹಿಂಬದಿ ಬಾಗಿಲ ಕಡೆಗೆ ನಡೆದಳು. ಓಣಿ ದಾಟಿದ ಮೇಲೆ ವಾಚ್‌ಮನ್ ಲಿಫ್ಟಿನ ಬಾಗಿಲು ತೆರೆದು ಹಿಡಿದ. ಅವಳು ಅದರತ್ತ ನೋಡಲೂ ಇಲ್ಲ. ಮೆಟ್ಟಿಲು ಹಿಡಿದಳು. ಪ್ರತಿ ಮಹಡಿಯಲ್ಲೂ ಗೋಡೆಗೆ ಕೈಕೊಟ್ಟು ನಿಂತು ಉಸಿರೆಳೆದುಕೊಂಡಳು. ಮಗಳು ಸಾಕು ಬಾ ಎಂದಷ್ಟೂ ಹತ್ತಿದಳು.

ಮೇಲೆ ಆಕಾಶ ಸ್ವಚ್ಛವಾಗಿತ್ತು. ದೂರದ ಮಾಳಿಗೆಗಳ ಮೇಲೆ ಮಬ್ಬು ಕೆಂಪಿನ ಚಂದ್ರ ಆಗಲೇ ಎದ್ದಿದ್ದ. ಅವಳು ಕಣ್ತುಂಬ ನೋಡಿದಳು.

“ನಿಜಾನೇ ಹೇಳಿದ್ರು,” ಎಂದಳು.

“ಅಮ್ಮಾ, ಇಲ್ಲಿ ನೋಡು, ಬಿಡ್ತಾ ಇದೆ!” ಎಂದು ಸ್ವಲ್ಪ ಹೊತ್ತಿನ ಮೇಲೆ ಮಗಳು ಕೂಗಿ ತಿರುಗಿದಳು.

ಅವಳು ಚಂದ್ರನಿಗೆ ಬೆನ್ನು ಹಾಕಿ, ಟೆರೇಸಿನ ಮೋಟುಗೋಡೆಯ ಮೇಲೆ ಸೊಂಟದವರೆಗೆ ಬಗ್ಗಿ, ಕೆಳಗಿನ ಓಣಿಯನ್ನು ಈ ಗೇಟಿನಿಂದ ಆ ಹಿಂಬದಿ ಮೆಟ್ಟಿಲಿನವರೆಗೆ, ಮತ್ತೆ ಅಲ್ಲಿಂದ ಈ ಗೇಟಿನವರೆಗೆ ನೋಡುತ್ತಿದ್ದಳು.