ಕೋಟಿಗೆ ಒಗ್ಗರಣೆ

"ಆ ಕೋಟು ಮೊದಲ ಚೀಲದಾಗ ಹಾಕ್ರಿ ವೈನಿ, ಆಮ್ಯಾಲೆ ಒಲಿ ಹಚ್ಚೀರಂತ," ಎಂದ ಜಗನ್ನಾಥ.

ಕಲ್ಯಾಣಿ ಕೇಳಿಸದವಳಂತೆ ಕೋಟನ್ನು ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿ, ತೋಳುಗಳನ್ನು ಅಗಲಿಸಿ ಕ್ಲಿಪ್ಪು ಸಿಕ್ಕಿಸಿದಳು. ಕಂದು ಉಣ್ಣೆಯ ಕೋಟು. ಜರ್ಮನಿಯ ಸಿಂಡೆಲ್‌ಫಿಂಗೆನ್‌ಗೆ ಬಂದಾಗಿನಿಂದ ಅದಕ್ಕೆ ಅಡುಗೆಯ ಹೊಗೆ ಸೋಕಿರಲಿಲ್ಲ. ಬಂದ ವಾರವೇ, ಮೊದಲೇ ಇಲ್ಲಿ ನೆಲೆಸಿದ್ದ ಡಾಕ್ಟರ್ ಶುಭಾ ಪಾಠ ಹೇಳಿಕೊಟ್ಟಿದ್ದರು: ಒಗ್ಗರಣೆಗೆ ಮುಂಚೆ ಕೋಟು ಪ್ಲಾಸ್ಟಿಕ್ ಚೀಲದಲ್ಲಿ, ಚೀಲ ಕಪಾಟಿನಲ್ಲಿ, ಕಿಟಕಿ ತೆರೆದಿರಬೇಕು. ನಮ್ಮವರೆಲ್ಲ ಇಲ್ಲಿ ಹಾಗೇ ಬದುಕುತ್ತಿದ್ದರು, ಮೈತುಂಬ ಸೋಪಿನ ವಾಸನೆ ಹೊತ್ತುಕೊಂಡು, ತಮ್ಮ ಊಟವನ್ನೇ ಕದ್ದು ಉಣ್ಣುತ್ತ.

ಅಷ್ಟು ಮಾಡಿಯೂ ಹಳೆಯ ಮನೆಯ ಮಾಲೀಕ ಒಂದು ದಿನ ಕಲ್ಯಾಣಿಯನ್ನು ಮೆಟ್ಟಿಲಲ್ಲಿ ತಡೆದು, ಎಲ್ಲರೆದುರು ಮೂಗು ಹಿಡಿದುಕೊಂಡು, ಹಂದಿಗೂಡು ಎಂದ. ಹಿಂದೆಯೇ ಹತ್ತಿ ಬರುತ್ತಿದ್ದ ಅವಳ ಗಂಡ ಪ್ರಭಂಜನ ಆ ಮೂಗಿಗೇ ಗುದ್ದಿದ. ಮೂಗು ಮುರಿದದ್ದಕ್ಕೆ ನಾಲ್ಕು ತಿಂಗಳು ಜೈಲು. ಮೂಗು ಹಿಡಿದುಕೊಂಡದ್ದಕ್ಕೆ ಯಾವ ಕೋರ್ಟಿನಲ್ಲೂ ಶಿಕ್ಷೆ ಇರಲಿಲ್ಲ. ಮನೆ ಹೋಯಿತು. ಪ್ರಭಂಜನನ ಜೊತೆ ಫಿಟರ್ ಆಗಿದ್ದ, ಕಲ್ಯಾಣಿಯನ್ನು ಅತ್ತಿಗೆಯೆಂದೇ ಬಗೆದು ವೈನಿ ಎನ್ನುತ್ತಿದ್ದ ಜಗನ್ನಾಥ ಈ ನೆಲಮಾಳಿಗೆಯ ಕೋಣೆ ಹುಡುಕಿಕೊಟ್ಟ.

ಒಳಗಿನಿಂದ ಪ್ರಭಂಜನ ವಕೀಲನ ಬಾಯಲ್ಲಿ ಹೇಳಿಕಳಿಸಿದ್ದು ಒಂದೇ ಮಾತು: ನೋಡಲು ಬರಬೇಡ, ಟಿಕೆಟ್ ತೆಗೆದುಕೊಂಡು ಧಾರವಾಡಕ್ಕೆ ಹೊರಡು. ಕಲ್ಯಾಣಿ ಹೊರಡುವವಳಲ್ಲ. ಅದನ್ನು ಅವನೆದುರೇ ಕೂತು ಹೇಳಬೇಕಿತ್ತು. ಆದರೆ ಇವತ್ತಿನ ಮೊದಲ ಭೇಟಿಯ ಅರ್ಧ ಗಂಟೆಯೂ ಕಾವಲಿನವನು ಪಕ್ಕದಲ್ಲೇ ಇರುತ್ತಾನೆ. ಅವನಿಗೆ ತಿಳಿಯುವಂತೆ ಜರ್ಮನ್‌ನಲ್ಲೇ ಮಾತಾಡಬೇಕು. ಕಲ್ಯಾಣಿಯ ಜರ್ಮನ್ ಸಂತೆಯಲ್ಲಿ ಕಲಿತದ್ದು.

"ಇನ್ನೊಮ್ಮೆ ಹೇಳ್ರಿ. ಇಶ್ ಬ್ಲೈಬೆ ಹೀಯರ್. ನಾ ಇಲ್ಲೇ ಇರ್ತೀನಿ," ಎಂದು ಜಗನ್ನಾಥ ಹೇಳಿಕೊಟ್ಟ.

"ಇಶ್ ಬ್ಲೈಬೆ ಹೀಯರ್. ಇಲ್ಲೇನೋ ಬರ್ತದಪಾ. ಅಲ್ಲಿ ಅವರ ಮಾರಿ ನೋಡಿದ್ರ ಹಾರಿ ಹೋಗ್ತದ. ನನಗ ಬರೂದು ಉಳ್ಳಾಗಡ್ಡಿ, ಬಟಾಟಿ, ಎಷ್ಟು, ಯಾಕಿಷ್ಟು ತುಟ್ಟಿ."

"ಅಷ್ಟ ಸಾಕು ಬಿಡ್ರಿ. ಅರ್ಧಾ ತಾಸು ಚೌಕಾಶಿ ಮಾಡ್ರಿ. ನಾಕ್ ತಿಂಗಳದ್ದು ಎರಡಕ್ಕ ಇಳದ್ರೂ ಇಳೀಬಹುದು."

ಕಲ್ಯಾಣಿ ನಕ್ಕಳು. ಬಹಳ ದಿನಗಳ ಮೇಲೆ ನಕ್ಕದ್ದು.

"ಒಂಚೂರು ಉಪ್ಪಿನಕಾಯಿನೂ ಬಿಡೂದಿಲ್ಲೇನು?"

"ತಿನ್ನೂದು ಏನಿದ್ರೂ ಬಾಗಲದಾಗ ಕಸಗೋತಾರ."

"ಮತ್ತ ಕೋಟು? ಈ ಥಂಡ್ಯಾಗ ಕೋಟು ಕಸಗೋತಾರೇನು?"

ಜಗನ್ನಾಥ ಹಗ್ಗದ ಕಡೆ ನೋಡಿದ. ಅವಳ ಕಡೆ ನೋಡಿದ. ಎದ್ದು ಹೋಗಿ, ತೆರೆದಿದ್ದ ಕಿಟಕಿಯನ್ನು ತಾನೇ ಮುಚ್ಚಿ ಬಂದ.

ಎಣ್ಣೆ ಕಾಯಿತು. ಸಾಸಿವೆ ಸಿಡಿಯಿತು. ಊರಿನಿಂದ ತಂದ ಡಬ್ಬಿಯಲ್ಲಿ ತಳಕ್ಕೆ ಅಂಟಿಕೊಂಡು ಉಳಿದಿದ್ದ ಇಂಗನ್ನು ಕಲ್ಯಾಣಿ ಚಮಚೆಯಿಂದ ಕೆರೆದು ಪೂರ್ತಿ ಹಾಕಿದಳು. ಒಣಮೆಣಸಿನ ಘಾಟಿಗೆ ಇಬ್ಬರೂ ಕೆಮ್ಮುತ್ತ ಕಣ್ಣೊರೆಸಿಕೊಂಡರು. "ಕಾಲರ್ ಕಡೆ ಇನ್ನಷ್ಟು ಹಿಡೀಬೇಕ್ರಿ," ಎಂದು ಜಗನ್ನಾಥ ಕೋಟನ್ನು ಬಗ್ಗಿಸಿ ಹಿಡಿದ.

ಕಾರು ತಂದ ಶುಭಾ ಬಾಗಿಲಲ್ಲೇ ನಿಂತರು. ಜೈಲಿನ ಸುದ್ದಿ ಕೇಳಿದ ಮೇಲೂ ಈ ಮೆಟ್ಟಿಲಿಳಿದು ಬಂದ ಓದಿದವರು ಅವರೊಬ್ಬರೇ.

"ಏನ್ ಕಲ್ಯಾಣಿ ಇದು, ಕೋಟು ಹೊರಗಡೆನೇ ಬಿಟ್ಟಿದೀರಲ್ಲ. ಫಸ್ಟ್ ವಿಸಿಟ್ ಕಣ್ರೀ, ಇಂಪ್ರೆಷನ್ ಅಂತ ಒಂದಿರತ್ತೆ. ತಡೀರಿ, ನನ್ನ ಹತ್ರ ಕೊಲೋನ್ ಇದೆ."

"ಬ್ಯಾಡ್ರಿ ಡಾಕ್ಟರ್. ಭಾಳ ಕಷ್ಟಪಟ್ಟು ಹಿಡಿಸೀನಿ."

ಶುಭಾ ಸೀಸೆ ಹಿಡಿದುಕೊಂಡೇ ಒಲೆ, ಹಗ್ಗ, ಕೋಟು ನೋಡಿದರು. ಸೀಸೆ ಮತ್ತೆ ಬ್ಯಾಗಿಗೆ ಹೋಯಿತು. ದಾರಿಯುದ್ದಕ್ಕೂ ಅವರು ಕಾರಿನ ಗಾಜು ಇಳಿಸಲಿಲ್ಲ. ಜೈಲಿನ ಗೋಡೆ ಕಂಡಾಗ ಮಾತ್ರ ಮೆಲ್ಲಗೆ ಕೇಳಿದರು: "ಇಂಗು ಇನ್ನೂ ಇದೆಯೇನ್ರೀ?"

"ಮುಗೀತ್ರಿ."

ಜೈಲಿನ ಬಾಗಿಲಲ್ಲಿ ಕಾವಲಿನ ಹೆಂಗಸೊಬ್ಬಳು ಕಲ್ಯಾಣಿಯ ಜೇಬುಗಳನ್ನು ಹೊರಗೆಳೆದಳು, ಅಸ್ತರಿ ಒತ್ತಿ ನೋಡಿದಳು, ಮೂಗು ಸೊಟ್ಟಗೆ ಮಾಡಿದಳು. ಗೋಡೆಯ ಮೇಲಿನ ನಿಯಮಗಳತ್ತ ಒಮ್ಮೆ ತಿರುಗಿದಳು. ಆಮೇಲೆ ಒಳಗೆ ಬಿಟ್ಟಳು.

ಪ್ರಭಂಜನ ಸೊರಗಿದ್ದ. ತಲೆ ಎತ್ತದೆ ಮೇಜಿನಾಚೆ ಕೂತು, ಯಾಕೆ ಬಂದೆ ಎಂದು ಜರ್ಮನ್‌ನಲ್ಲಿ ಗದರಿದ. ಕಲ್ಯಾಣಿಗೆ ಕಲಿತದ್ದೆಲ್ಲ ಹಾರಿಹೋಯಿತು. ಕಾವಲಿನವನು ಅವಳನ್ನೇ ನೋಡುತ್ತಿದ್ದ.

"ಉಳ್ಳಾಗಡ್ಡಿ," ಎಂದಳು ಸಂತೆಯ ಜರ್ಮನ್‌ನಲ್ಲಿ. "ಒಂದು ಕಿಲೋ. ಮುಂದಿನ ವಾರ ಒಂದು ಕಿಲೋ. ಅದರ ಮುಂದಿನ ವಾರ ಒಂದು ಕಿಲೋ."

ಪ್ರಭಂಜನ ಏನೋ ಹೇಳಹೊರಟವನು ಅರ್ಧಕ್ಕೇ ನಿಲ್ಲಿಸಿದ. ಅವನ ಮೂಗಿನ ಹೊಳ್ಳೆ ಅರಳಿತು. ಮುಖವೆತ್ತಿದ. ಮೇಜಿನ ಮೇಲೆ ಕೈಚಾಚಿ ಕೋಟಿನ ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡ. ಕಾವಲಿನವನು ಕೆಮ್ಮಿದ, ಆದರೂ ಪ್ರಭಂಜನ ಬಿಡಲಿಲ್ಲ.

ಉಳ್ಳಾಗಡ್ಡಿ ಮುಗಿಸಿ ಕಲ್ಯಾಣಿ ಬಟಾಟಿಗೆ ಬಂದಳು.