ಸೈಕಲ್ಲಿನ ಮೇಲೆ ಬೀದಿಯ ಬೆರಳು

ಆಸಿಡ್ ಈ ಲೋಕದಲ್ಲಿ ಹೆದರುವುದು ಇಬ್ಬರಿಗೇ: ನನಗೆ, ನನಗಿಂತ ತುಸು ಹೆಚ್ಚಾಗಿ ನಮ್ಮಕ್ಕನಿಗೆ. ಬಣ್ಣ ಹೊಡೆಯುವ ಶೆಡ್ ಅಕ್ಕನದು. ಅಲ್ಲಿ ಏಳು ವರ್ಷ ನಾನು ತಿಕ್ಕಿ ತೆಗೆದ ತುಕ್ಕನ್ನು ಒಟ್ಟಿದ್ದರೆ, ಅದರ ನೆರಳಲ್ಲಿ ಅರ್ಧ ಊರು ಮಲಗಬಹುದಿತ್ತು. ಆದರೂ ಅಕ್ಕ ನನಗೆ ಸ್ಪ್ರೇ ಗನ್ ಮುಟ್ಟಲು ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ನರ್ಸಮ್ಮ ತಮ್ಮ ಸೈಕಲ್ ತಂದು ನಿಲ್ಲಿಸಿದರು. ಯಾರಾದರೂ ಪಕ್ಕದಲ್ಲಿ ಸೀನಿದರೆ ಸೈಕಲ್ಲಿನ ಕಾಲು ಭಾಗ ಉದುರುತ್ತಿತ್ತು, ಅಂಥ ತುಕ್ಕು.

"ತುಕ್ಕು ಪೂರ್ತಿ ಹೋಗಬೇಕು," ಅಂದಳು ಅಕ್ಕ. "ಹೋದರೆ ಸಂಜೆ ಬಣ್ಣ ನೀನೇ ಹೊಡಿ. ಕೆಡಿಸಿದರೆ ಗನ್ನಿನ ಆಸೆ ಬಿಟ್ಟುಬಿಡು."

ಗ್ಲೌಸು, ಕನ್ನಡಕ ಹಾಕಿಕೊಂಡು ತೊಟ್ಟಿಯ ನೀರಿಗೆ ಆಸಿಡ್ಡನ್ನು ಮೆಲ್ಲಗೆ ಸುರಿದೆ. ಬಿಚ್ಚಿದ ಫ್ರೇಮನ್ನು ಇಳಿಸಿದ್ದೇ ತಡ, ತುಕ್ಕು ನನ್ನ ಹೆಸರು ಕೇಳಿದವರ ಹಾಗೆ ಓಡಿಹೋಯಿತು. ಆಸಿಡ್ ಕಳೆಯಲು ಸೋಡಾಪುಡಿಯ ನೀರಲ್ಲಿ ತೊಳೆದು ಒರೆಸಿದಾಗ ಅದು ಹೊಳೆದ ಹೊಳಪಿಗೆ ಸೂರ್ಯನೇ ಕಣ್ಣು ಕಿರಿದು ಮಾಡಿದ.

ತಕ್ಷಣ ಪ್ರೈಮರ್, ಅಂದರೆ ಅಡಿಬಣ್ಣ, ಬಳಿಯಬೇಕಿತ್ತು. ಆಸಿಡ್ಡಿನಿಂದ ಎದ್ದುಬಂದ ಕಬ್ಬಿಣ ಹಸುಗೂಸಿನಂತೆ. ಕೈಬೆವರು ತಾಗಿದರೂ ಮತ್ತೆ ತುಕ್ಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಂಥ ಕೆಲಸವನ್ನು ನಾಲ್ಕು ಜನ ನೋಡುವ ಮೊದಲೇ ಮುಚ್ಚಿಬಿಡಲು ಮನಸ್ಸು ಬರಬೇಕಲ್ಲ. ಗ್ಲೌಸು ಕಿತ್ತೆಸೆದು ಬೀದಿಯನ್ನೇ ಕರೆದೆ.

"ಮುಟ್ಟಿ ನೋಡಿ, ನುಣುಪು ಅಂದರೇನು ಅಂತ ಗೊತ್ತಾಗುತ್ತೆ."

ದರ್ಜಿ ಮುಟ್ಟಿದ, ಬೇಕರಿಯವನು ಮುಟ್ಟಿದ, ಭಾವ ಅಂತೂ ತಬ್ಬಿಕೊಂಡೇಬಿಟ್ಟರು. ಹೊಗಳಿಕೆ ಊಟದ ಹೊತ್ತಿನವರೆಗೆ ನಡೆಯಿತು. ಉಂಡು ಬಂದು ನೋಡಿದರೆ ಫ್ರೇಮಿನ ತುಂಬ ಕಿತ್ತಳೆ ಬಣ್ಣದ ಬೆರಳಚ್ಚು.

ಅಕ್ಕ ಬಗ್ಗಿ ಓದತೊಡಗಿದಳು. "ಈ ಅಗಲದ ಅಂಗೈ ಬೇಕರಿಯವಂದು. ಈ ಸಣಕಲು ಬೆರಳು ದರ್ಜೀದು. ಇದು ಯಾರದು?"

"ನಂದಲ್ಲ ಕಣೇ," ಭಾವ ಕೈಗಳನ್ನು ಬೆನ್ನ ಹಿಂದೆ ಸರಿಸಿದರು.

"ಉಂಗುರದ ಗುರುತೂ ಬಿದ್ದಿದೆ ರೀ."

ಗನ್ ಕೈತಪ್ಪಿತೆಂದು ನನ್ನ ಎದೆ ಪಂಕ್ಚರ್ ಆಯಿತು. "ಅವರದ್ದೇನೂ ತಪ್ಪಿಲ್ಲ ಅಕ್ಕ. ಕರೆದು ಮುಟ್ಟಿಸಿದ್ದು ನಾನೇ," ಅಂದೆ. ಆ ಮಾತಿಗೆ ಶೆಡ್ಡಿನ ಗೋಡೆಗಳೂ ಬೆಚ್ಚಿದವು. ಅಂಥದ್ದನ್ನು ನನ್ನ ಬಾಯಲ್ಲಿ ಅವು ಕೇಳಿರಲಿಲ್ಲ.

ಅಕ್ಕ ನನ್ನನ್ನೇ ದಿಟ್ಟಿಸಿದಳು. "ಸಂಜೆಗೆ ಇನ್ನೂ ಹೊತ್ತಿದೆ. ಮುಟ್ಟಿದವರನ್ನೆಲ್ಲ ಕರಕೊಂಡು ಬಾ."

ಎಲ್ಲರೂ ಗ್ಲೌಸು ಹಾಕಿ, ಎಮರಿ ಕಾಗದ ಹಿಡಿದು, ತಂತಮ್ಮ ಬೆರಳಚ್ಚು ತಿಕ್ಕಿ ತೆಗೆದರು.

"ನಮ್ಮೆಲ್ಲರದ್ದಕ್ಕಿಂತ ನಿನ್ನ ಬೆರಳೇ ಜಾಸ್ತಿ ಇದೆಯಲ್ಲೋ ಜಂಬದ ಕೋಳಿ," ಅಂದ ದರ್ಜಿ. ನಗುತ್ತಾ ನಗುತ್ತಾ ಬೇಕರಿಯವನು ನೆಲಕ್ಕೆ ಕೂತ.

ಮತ್ತೆ ಆಸಿಡ್, ಮತ್ತೆ ಸೋಡಾ. ಈ ಸಲ ಬಿಸಿಗಾಳಿ ಹಿಡಿದು ಒಣಗಿಸಿ, ಆ ಕೂಡಲೇ ಪ್ರೈಮರ್ ಬಳಿದೆ. ಅದು ಆರಿದ ಮೇಲೆ ಅಕ್ಕ ಗನ್ನನ್ನು ನನ್ನ ಕೈಗಿಟ್ಟು, ಮಾಸ್ಕಿನ ಪಟ್ಟಿಯನ್ನು ತಾನೇ ಬಿಗಿದಳು.

ಕೆಂಪು ಒಂದೇ ಸಮ ಬಿತ್ತು. ಒಂದು ಹನಿಯೂ ಜಾರಲಿಲ್ಲ. ಅಕ್ಕ ಫ್ರೇಮಿನ ಸುತ್ತ ಎರಡು ಬಾರಿ ಸುತ್ತಿದಳು.

"ನಾಳೆ ಒಂದು ಗೇಟ್ ಬರುತ್ತೆ. ಅದಕ್ಕೂ ನೀನೇ ಹೊಡಿ."

ಮಾಸ್ಕಿನೊಳಗೆ ನಾನು ಹಾಕಿದ ಕೇಕೆಗೆ ಭಾವ, ಗನ್ನಿಗೆ ಗಾಳಿ ಒತ್ತುವ ಕಂಪ್ರೆಸರ್ರೇ ಸಿಡಿಯಿತೆಂದು ಬೀದಿಗೆ ಓಡಿದರು.